ಮಾತಿನ ಹಲಗೆ

ಶಾಲೆಯ ಕೊನೆಯ ಕೋಣೆ
ಬುಧವಾರ, ಮಧ್ಯಾಹ್ನದ ಬಿಡುವು

ಅಕ್ಕಾ,

ಹೇಗಿದ್ದೀಯ ಎಂದು ಕೇಳಿ ಶುರು ಮಾಡಬೇಕು. ಆದರೆ ಈಗೀಗ ನೀನು ಹೇಗಿದ್ದೀಯ ಎಂಬುದು ಭಾವ ಹೇಳುವ ಮೊದಲೇ ನನಗೆ ಗೊತ್ತಾಗಿಬಿಡುತ್ತದೆ. ಅದು ಹೇಗೆ ಎಂದು ತಿಳಿಸುವುದಕ್ಕೇ ಈ ಕಾಗದ. ಫೋನ್ ಮಾಡಬಹುದಿತ್ತಲ್ಲ ಅನ್ನಬೇಡ. ಮಾಡಲಾರೆ. ಪೂರ್ತಿ ಓದಿ ಮುಗಿಸುವ ತನಕ ಭಾವನ ಕೈಗೂ ಕೊಡಬೇಡ.

ನೀನು ಬಿಟ್ಟುಹೋದ ಕೋಣೆ ಎರಡು ವರ್ಷವಾದರೂ ಹಾಗೇ ಇದೆ. ಕಪ್ಪು ರಟ್ಟಿನಲ್ಲಿ ಒಂದೇ ಸಾಲು ಕಾಣುವಷ್ಟು ಸೀಳು ಕೊರೆದು ನೀನು ಮಾಡಿದ ಓದುವ ಕಿಟಕಿಯ ಅಂಚು ಸವೆದಿದೆ. ಆದರೂ ಅಕ್ಷರಗಳು ಇರುವೆಗಳ ಹಾಗೆ ಓಡಾಡುತ್ತವೆ ಎಂದು ಅಳುತ್ತಿದ್ದ ಹುಡುಗಿ ಅದಿಲ್ಲದೆ ಪುಸ್ತಕ ಮುಟ್ಟುವುದಿಲ್ಲ. ಒಂದು ನಿಮಿಷ ಕೂರಲಾರದ ‘ಸೈಕಲ್’ ರಾಣಿಯ ಕುರ್ಚಿಯ ಕಾಲುಗಳಿಗೆ ನೀನು ಬಿಗಿದ ರಬ್ಬರ್ ಪಟ್ಟಿಯನ್ನು ಮೊನ್ನೆ ಬದಲಿಸಿದೆ. ಇಡೀ ಪಾಠ ಅದನ್ನು ಒದೆಯುತ್ತಾ ಕೂತು ಲೆಕ್ಕ ಸರಿಯಾಗಿ ಮಾಡುತ್ತಾಳೆ. ಮರಳಿನ ಗಡಿಯಾರ, ಉಪ್ಪುಕಾಗದದ ಅಕ್ಷರಗಳು, ಜೇಡಿಮಣ್ಣು ಮೆತ್ತಿದ ಪೆನ್ಸಿಲ್ಲು, ಎಲ್ಲಾ ನಿನ್ನದೇ. ನಿನ್ನ ಜಾಗಕ್ಕೆ ನಾನು ಬಂದ ಮೊದಲ ದಿನವೇ ಆಯಾ ಹೇಳಿದ್ದಳು, ‘ಇಲ್ಲಿ ಯಾವ್ದನ್ನ ಮುಟ್ಟಿದ್ರೂ ನಿಮ್ಮಕ್ಕನ ಕೈಯೇ ಸಿಗತ್ತೆ ನೋಡಿ.’ ಅವಳು ಹೊಗಳಿದ್ದು. ನನಗೆ ಚುಚ್ಚಿತು.

ಕೈ ಹೋಗಲಿ ಎಂದು ಸಹಿಸಿಕೊಂಡೆ. ದನಿಯೂ ನಿನ್ನದೇ ಆಗಿತ್ತಲ್ಲ, ಅದನ್ನು ಸಹಿಸಲಾಗಲಿಲ್ಲ.

ಗುಬ್ಬಿಯನ್ನು ನೀನು ಮರೆತಿರಲಾರೆ. ಈಗ ಒಂಬತ್ತು ವರ್ಷ. ಇವತ್ತಿಗೂ ಬಾಯಿಂದ ಒಂದು ಅಕ್ಷರ ಇಲ್ಲ. ನೀನು ಅವಳಿಗಾಗಿ ಹಳೆಯ ಟ್ಯಾಬ್ ಒಂದರಲ್ಲಿ ಚಿತ್ರಗಳನ್ನು ಜೋಡಿಸಿ, ಒಂದೊಂದು ಚಿತ್ರಕ್ಕೂ ನಿನ್ನ ದನಿಯಲ್ಲಿ ಒಂದೊಂದು ಮಾತು ತುಂಬಿದೆ. ಇನ್ನೂರ ಹದಿನಾರು ಮಾತು. ಲೋಟದ ಚಿತ್ರ ಒತ್ತಿದರೆ ‘ನೀರು’, ಅಂಗೈ ಚಿತ್ರ ಒತ್ತಿದರೆ ‘ಬೇಡ’. ಮಕ್ಕಳೆಲ್ಲ ಅದಕ್ಕೆ ಮಾತಿನ ಹಲಗೆ ಅನ್ನುತ್ತಾರೆ. ನಾನು ಬೋರ್ಡಿನ ಮೇಲೆ ಬರೆಯುತ್ತಿರುವಾಗ ಬೆನ್ನ ಹಿಂದೆ ನೀನು ‘ಟೀಚರ್, ಬಾ’ ಅನ್ನುತ್ತಿದ್ದೆ. ಪ್ರತಿ ಸಲವೂ ಬೆಚ್ಚಿ ತಿರುಗುತ್ತಿದ್ದೆ.

ಹಲಗೆಯಲ್ಲಿ ಅಷ್ಟು ಸ್ಪಷ್ಟವಾಗಿ ಮಾತಾಡುವವಳು ಮನೆಯಲ್ಲಿ ನೀನು ಮೂಕಿಯಾಗಿ ಕೂತಿದ್ದೆ. ಡಾಕ್ಟರುಗಳು ಗಂಟಲು ಸರಿಯಿದೆ, ನಾಲಿಗೆ ಸರಿಯಿದೆ, ತಲೆಯ ಚಿತ್ರದಲ್ಲೂ ಏನೂ ಕಾಣುವುದಿಲ್ಲ ಅಂದರು. ಎರಡು ವರ್ಷದ ಹಿಂದೆ ಒಂದು ದಿನ ನಿನ್ನ ಅಡುಗೆಮನೆಯ ಬಾಗಿಲಲ್ಲಿ ನಿಂತು ನಾನು ಆಡಿದ ಮಾತನ್ನು ಇಲ್ಲಿ ಮತ್ತೆ ಬರೆಯುತ್ತೇನೆ, ಮುಚ್ಚಿಡುವುದಿಲ್ಲ. ‘ಕೆಲಸ ಸಾಕಾಗಿದ್ರೆ ಸಾಕಾಯ್ತು ಅನ್ನು. ಈ ನಾಟಕ ಯಾಕೆ?’ ನೀನು ಬಾಯಿ ತೆರೆದೆ. ಏನೋ ಹುಡುಕಿದೆ. ಸಿಗಲಿಲ್ಲ. ಮುಚ್ಚಿದೆ. ನಾನು ಬಾಗಿಲು ಬಡಿದು ಬಂದೆ. ಎರಡು ವರ್ಷ ಈ ಕಡೆಯಿಂದ ಒಂದು ಕಾಗದವೂ ಇಲ್ಲ.

ಎರಡು ತಿಂಗಳ ಹಿಂದೆ ದೊಡ್ಡ ಮೇಡಂ ಹತ್ತಿರ ಹೋಗಿ, ಹಳೆಯ ದನಿಯಲ್ಲಿ ಗೊರಗೊರ ಸದ್ದು ಬರುತ್ತಿದೆ, ಹೊಸದಾಗಿ ತುಂಬುತ್ತೇನೆ ಎಂದೆ. ಸುಳ್ಳು. ಒಂದು ಚೂರೂ ಸದ್ದಿರಲಿಲ್ಲ. ಮಾರನೆಯ ಬೆಳಿಗ್ಗೆ ಮಕ್ಕಳು ಬರುವ ಮೊದಲು ಲೋಟದ ಚಿತ್ರದಲ್ಲಿದ್ದ ನಿನ್ನ ದನಿ ಅಳಿಸಿ, ನಾನು ‘ನೀರು’ ಎಂದು ತುಂಬಿದೆ.

ಗುಬ್ಬಿ ಬಂದಳು, ಒತ್ತಿದಳು, ನನ್ನ ದನಿ ಬಂತು. ಅವಳು ಅಳಲಿಲ್ಲ, ರಂಪ ಮಾಡಲಿಲ್ಲ. ಎದ್ದು ಬಂದು ಎರಡು ಬೆರಳು ಚಾಚಿ ನನ್ನ ಗಂಟಲನ್ನು ಮುಟ್ಟಿದಳು. ವೈದ್ಯರು ನಾಡಿ ನೋಡುವ ಹಾಗೆ ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಿದ್ದಳು. ಬೆರಳು ತಣ್ಣಗಿತ್ತು. ಬಾಗಿಲಲ್ಲಿದ್ದ ಆಯಾ ನೋಡಿ ನಕ್ಕಳು. ‘ನಿಮ್ಮಕ್ಕಂಗೂ ಹಿಂಗೇ ಮಾಡ್ತಿತ್ತು ಮಗು. ದಿನಾ ಗಂಟಲು ಮುಟ್ಟಿ ಮುಟ್ಟಿ ನೋಡೋದು.’

ಆ ಸಂಜೆ ಹೋಟೆಲಿನಲ್ಲಿ ಕೂತು ಮಾಣಿಯನ್ನು ಕರೆದೆ. ಕೇಳಬೇಕಾದ್ದು ನಾಲಿಗೆಯ ತುದಿಗೆ ಬರಲೇ ಇಲ್ಲ. ‘ಒಂದು ಲೋಟ...’ ಎಂದು ನಿಂತೆ. ಆತ ‘ಕಾಫೀನಾ, ಟೀನಾ?’ ಎಂದ. ಮೇಜಿನ ಮೇಲಿದ್ದ ಜಗ್ಗನ್ನು ತೋರಿಸಿದೆ. ಸುಸ್ತಾಗಿರಬೇಕು ಅಂದುಕೊಂಡೆ. ಮನೆಗೆ ಹೋಗುವಷ್ಟರಲ್ಲಿ ಭಾವನ ಫೋನು. ಎರಡು ವರ್ಷದಲ್ಲಿ ಅವರು ನಗುವುದನ್ನು ಕೇಳಿದ್ದು ಅದೇ ಮೊದಲು. ‘ನೋಡಮ್ಮಾ, ಬೆಳಿಗ್ಗೆ ಏಳೂವರೆಗೆ ನಿಮ್ಮಕ್ಕ ಬಾಯಿ ಬಿಟ್ಟು ನೀರು ಅಂದ್ಲು! ಸ್ಪಷ್ಟವಾಗಿ, ನೀರು!’

ಏಳೂವರೆ. ಅಕ್ಕಾ, ಆ ಹೊತ್ತಿಗೇ ನಾನು ಅಳಿಸಿದ್ದು.

ಸಂತೋಷ ಆಯಿತು ಎಂದು ಹೇಳಲು ನೋಡಿದೆ. ಫೋನ್ ಇಟ್ಟುಬಿಟ್ಟೆ. ಮಾರನೇ ದಿನ ಬೇಕೆಂದೇ ಮೂರು ಮಾತು ಬದಲಿಸಿದೆ. ಕಿಟಕಿ, ಪುಸ್ತಕ, ನೋವು. ಸಂಜೆಯ ಒಳಗೆ ಆ ಮೂರೂ ನನ್ನ ಬಾಯಿಂದ ಹೋದವು. ಬರೆಯಬಲ್ಲೆ, ಯೋಚಿಸಬಲ್ಲೆ, ಬೇರೆಯವರು ಹೇಳಿದರೆ ಅರ್ಥವಾಗುತ್ತದೆ. ಹೇಳಲು ಹೋದರೆ ಕತ್ತಲಲ್ಲಿ ಮೆಟ್ಟಿಲು ಇದೆ ಎಂದು ಕಾಲಿಟ್ಟು ಇಲ್ಲದೇ ಹೋದ ಹಾಗೆ. ಭಾವ ಮತ್ತೆ ಫೋನ್ ಮಾಡಿ ಆ ಮೂರು ಮಾತನ್ನೇ ಹೇಳಿದರು. ಅವರು ಎಲ್ಲವನ್ನೂ ಡೈರಿಯಲ್ಲಿ ಬರೆದಿಡುತ್ತಿದ್ದರಂತೆ.

ನಂಬಲು ಮನಸ್ಸಿರಲಿಲ್ಲ. ದೊಡ್ಡ ಮೇಡಂ ಕೋಣೆಗೆ ಬಂದಾಗ, ಒಂದು ಮಾತು ನೀವೂ ತುಂಬಿ ಮೇಡಂ, ಮಕ್ಕಳಿಗೆ ಖುಷಿ ಎಂದೆ. ಅವರು ಕನ್ನಡಕ ಸರಿ ಮಾಡಿಕೊಂಡು ಭಾಷಣದ ದನಿಯಲ್ಲಿ ‘ಗಂಟೆ’ ಎಂದರು. ಮರುದಿನ ಬೆಳಿಗ್ಗೆ ಮಕ್ಕಳೆಲ್ಲ ಸಾಲಾಗಿ ನಿಂತಿದ್ದಾಗ ಜವಾನನಿಗೆ, ‘ರೀ, ಅದು ಹೊಡೀರಿ... ಅದೇ ರೀ, ಅದು, ಹೊಡಿಯೋದು...’ ಎಂದು ಕೈ ತಿರುಗಿಸಿ ತಿರುಗಿಸಿ ತೋರಿಸಿದರು. ಮಕ್ಕಳು ಗೊಳ್ಳೆಂದು ನಕ್ಕರು. ಮೇಡಂ ಕೂಡ ನಕ್ಕರು. ನಗುತ್ತಲೇ ಅವರ ಮುಖ ಬಿಳಿಚಿಕೊಂಡಿತು. ನಾನು ಓಡಿಹೋಗಿ ಹಲಗೆಯಲ್ಲಿ ಅವರ ದನಿ ಅಳಿಸಿ ನನ್ನ ದನಿ ಹಾಕಿದೆ. ಅತ್ತ ಅಂಗಳದಿಂದ ಮೇಡಂ ಕೂಗಿದ್ದು ಕೇಳಿಸಿತು: ‘ಗಂಟೆ! ಗಂಟೆ ಹೊಡೀರಿ!’

ಅಲ್ಲಿಗೆ ಅನುಮಾನ ಮುಗಿಯಿತು.

ಆ ದಿನ ಮಕ್ಕಳು ಹೋದ ಮೇಲೆ, ಬಿಸಿಲು ಇನ್ನೂ ಮೇಜಿನ ಮೇಲಿರುವಾಗಲೇ, ಹಲಗೆಯೊಳಗೆ ನೀನು ತುಂಬಿದ ಮಾತುಗಳ ತಾರೀಖು ತೆರೆದು ನೋಡಿದೆ. ಎಲ್ಲವನ್ನೂ ಒಂದೇ ದಿನ ತುಂಬಿರುತ್ತೀಯ ಅಂದುಕೊಂಡಿದ್ದೆ. ಏಳು ತಿಂಗಳು ಹಿಡಿದಿದೆ. ದಿನಕ್ಕೆ ಒಂದು, ಕೆಲವು ದಿನ ಎರಡು. ಮೊದಲನೆಯದು ‘ನೀರು’. ನಾಲ್ಕನೆಯದನ್ನು ತುಂಬಿದ ಮೇಲೆ ಹದಿನೈದು ದಿನ ಏನೂ ಇಲ್ಲ. ನಿನಗೆ ಗೊತ್ತಾಗಿದ್ದು ಆಗಲೇ ಅಲ್ಲವಾ? ಆ ಹದಿನೈದು ದಿನ ನೀನು ಯೋಚಿಸಿದ್ದೀಯ. ಹದಿನಾರನೇ ದಿನ ಮತ್ತೆ ಕೂತು ‘ಬಾ’ ಎಂದು ತುಂಬಿದ್ದೀಯ. ಕೊನೆಯದು ‘ನಾನು’. ಅದರ ತಾರೀಖು ನಾನು ನಿನ್ನ ಅಡುಗೆಮನೆಯಲ್ಲಿ ನಿಂತು ಕೂಗಾಡಿದ್ದರ ಹಿಂದಿನ ದಿನ.

‘ನಾನು’ ಹೋಗಿತ್ತು, ‘ಇಲ್ಲ’ ಹೋಗಿತ್ತು, ‘ಸುಳ್ಳು’ ಹೋಗಿತ್ತು. ನಾಟಕ ಅಲ್ಲ ಎಂದು ಯಾವ ಮಾತಿನಲ್ಲಿ ಹೇಳುತ್ತಿದ್ದೆ ನೀನು? ಬರೆದು ಹೇಳಬಹುದಿತ್ತು ನಿಜ. ಬರೆದಿದ್ದರೆ ನಾನು ಅವತ್ತೇ ಹಲಗೆಯನ್ನು ಬರಿದು ಮಾಡುತ್ತಿದ್ದೆ. ಅದು ನಿನಗೆ ಗೊತ್ತಿತ್ತು.

ಬರಿದು ಮಾಡಿ ನೋಡಿದೆ ಕೂಡ. ಅದನ್ನೂ ಹೇಳಿಬಿಡುತ್ತೇನೆ. ಒಂದು ಸೋಮವಾರ ‘ಬೇಡ’ ಎಂಬ ನಿನ್ನ ದನಿಯನ್ನು ಅಳಿಸಿ, ಏನೂ ತುಂಬದೆ ಬಿಟ್ಟೆ. ಯಾರ ಮಾತೂ ಹೋಗುವುದು ಬೇಡ ಎಂದು. ಹತ್ತು ಗಂಟೆಗೆ ಯಾರೋ ಗುಬ್ಬಿಯ ಕಿವಿಯ ಹತ್ತಿರ ಬಲೂನು ತಿಕ್ಕಿದರು. ಅವಳು ಅಂಗೈ ಚಿತ್ರ ಒತ್ತಿದಳು. ಸದ್ದಿಲ್ಲ. ಮತ್ತೆ ಒತ್ತಿದಳು. ಬಲೂನು ನಿಲ್ಲಲಿಲ್ಲ. ಒತ್ತುತ್ತಲೇ ಹೋದಳು, ಉಗುರು ಬಿಳಿಯಾಗುವ ತನಕ. ನಾನು ಕೋಣೆಯ ಆ ತುದಿಯಿಂದ ಓಡಿ ಬರುವಷ್ಟರಲ್ಲಿ ಹಣೆಯನ್ನು ಮೇಜಿಗೆ ಬಡಿದುಕೊಳ್ಳುತ್ತಿದ್ದಳು. ಹುಬ್ಬಿನ ಮೇಲೆ ರಕ್ತ. ಯಂತ್ರದ ದನಿ ಹಾಕಿದರೆ ಎರಡೂ ಕಿವಿ ಮುಚ್ಚಿಕೊಂಡು ಮೇಜಿನ ಕೆಳಗೆ ಸೇರಿಕೊಂಡಳು. ಗಾಯಕ್ಕೆ ಹತ್ತಿ ಒತ್ತಿ ಹಿಡಿದುಕೊಂಡೇ, ಇನ್ನೊಂದು ಕೈಯಲ್ಲಿ ಹಲಗೆ ಎತ್ತಿ ‘ಬೇಡ’ ಎಂದು ತುಂಬಿದೆ. ನಾನು ಬಾಯಾರೆ ಹೇಳಿದ ಕೊನೆಯ ‘ಬೇಡ’ ಅದು.

ಆಮೇಲೆ ನಾನು ಬೆಳಿಗ್ಗೆಗಳನ್ನು ವ್ಯರ್ಥ ಮಾಡಲಿಲ್ಲ. ದಿನಕ್ಕೆ ಐದು, ಆರು ಮಾತು ಬದಲಿಸುತ್ತಾ ಬಂದೆ. ಭಾವನ ಡೈರಿ ತುಂಬುತ್ತಿರಬೇಕು. ಡಾಕ್ಟರು ಹೊಸ ಮಾತ್ರೆಯಿಂದ ಗುಣವಾಯಿತು ಅಂದಿದ್ದಾರಂತೆ, ಅನ್ನಲಿ ಬಿಡು.

ಪಾಠ ಹೇಗೆ ಮಾಡುತ್ತೀಯ ಎಂದು ಕೇಳುತ್ತೀಯ. ನಾನೂ ಹೆದರಿದ್ದೆ. ಆದರೆ ಈ ಕೋಣೆಯಲ್ಲಿ ಬೆರಳಿಟ್ಟು ತೋರಿಸಿ ಮಾತಾಡುವವರನ್ನು ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ಕೊರಳಿಗೆ ಚಿತ್ರದ ಕಾರ್ಡುಗಳ ಗೊಂಚಲು ನೇತುಹಾಕಿಕೊಂಡಿದ್ದೇನೆ. ಬೋರ್ಡಿನ ಮೇಲೆ ಬರೆಯುತ್ತೇನೆ, ಮಕ್ಕಳೇ ಒಬ್ಬರಿಗೊಬ್ಬರು ಓದಿ ಹೇಳುತ್ತಾರೆ. ಸೈಕಲ್ ರಾಣಿ ನನಗೂ ಒಂದು ರಬ್ಬರ್ ಪಟ್ಟಿ ತಂದುಕೊಟ್ಟಳು, ಮಾತು ಸಿಗದಾಗ ಒದೆಯಲಿಕ್ಕೆ. ಮೇಡಂಗೆ ಗಂಟಲು ನೋವು ಎಂದು ಚೀಟಿ ಬರೆದುಕೊಟ್ಟಿದ್ದೇನೆ. ಅವರು ಹೆಚ್ಚು ಕೇಳಲಿಲ್ಲ. ಆ ಗಂಟೆಯ ದಿನದ ನಂತರ ಅವರು ನಮ್ಮ ಕೋಣೆಯ ಹೊಸ್ತಿಲು ದಾಟಿಲ್ಲ.

ನಿನ್ನೆ ಕೆಮ್ಮು ಹತ್ತಿತು. ನೀರು ಬೇಕಿತ್ತು, ಕಾರ್ಡುಗಳು ಮೇಜಿನ ಮೇಲಿದ್ದವು, ಕೈಗೆ ಸಿಗಲಿಲ್ಲ. ಗುಬ್ಬಿ ನನ್ನನ್ನು ನೋಡಿದಳು. ಹಲಗೆ ಎತ್ತಿಕೊಂಡು ಬಾಗಿಲಿಗೆ ಹೋಗಿ ಆಯಾಳ ಎದುರು ಹಿಡಿದು ಒತ್ತಿದಳು. ‘ಟೀಚರ್. ನೀರು. ಬೇಗ.’ ನನ್ನದೇ ದನಿ ಅಕ್ಕಾ, ನನ್ನ ಬಾಯಿಯಿಂದ ಹತ್ತು ಮಾರು ದೂರದಲ್ಲಿ ನಿಂತು ನನಗಾಗಿ ನೀರು ಕೇಳಿತು. ಕುಡಿದೆ. ಲೋಟ ಕೆಳಗಿಟ್ಟಾಗ ಅವಳು ಬಂದು ಗಂಟಲ ಮೇಲೆ ಎರಡು ಬೆರಳಿಟ್ಟಳು. ಆಮೇಲೆ, ಇದುವರೆಗೆ ಮಾಡದೇ ಇದ್ದದ್ದನ್ನು ಮಾಡಿದಳು. ಅದೇ ಬೆರಳನ್ನು ತನ್ನ ಗಂಟಲ ಮೇಲೂ ಇಟ್ಟುಕೊಂಡು, ಅಲ್ಲಿ ಏನಾದರೂ ಅಲುಗುತ್ತದೆಯೋ ಎಂದು ಬಹಳ ಹೊತ್ತು ಕಾದಳು.

ನಿನ್ನನ್ನು ಕೇಳಿಕೊಳ್ಳುವುದು ಒಂದೇ. ಹಲಗೆಯನ್ನು ಹಳೆಯ ಹಾಗೆ ಮಾಡುತ್ತೇನೆ ಎಂದು ಇಲ್ಲಿಗೆ ಓಡಿ ಬರಬೇಡ. ನಿನಗೆ ಹಾಗೆ ಅನ್ನಿಸುತ್ತದೆ ಎಂದು ನನಗೆ ಗೊತ್ತು. ನೀನು ಏಳು ತಿಂಗಳು ಒಬ್ಬಳೇ ಕೂತು ಕೊಟ್ಟೆ, ನಾನು ಹೊಟ್ಟೆಕಿಚ್ಚಿನಿಂದ ಶುರು ಮಾಡಿದೆ. ಮುಗಿಸುವುದಾದರೂ ತಿಳಿದು ಮುಗಿಸುತ್ತೇನೆ. ಶನಿವಾರ ಮಧ್ಯಾಹ್ನದ ಬಸ್ಸಿಗೆ ನಿಮ್ಮ ಮನೆಗೆ ಬರುತ್ತೇನೆ. ನನ್ನನ್ನು ಬೈಯುವುದಿದ್ದರೆ ಅಷ್ಟರಲ್ಲಿ ನಿನಗೆ ಬೇಕಾದ ಮಾತುಗಳೆಲ್ಲ ಬಂದಿರುತ್ತವೆ. ಎರಡು ವರ್ಷದ್ದು ಬಾಕಿ ಇದೆ, ನಿಧಾನವಾಗಿ ಬೈಯಿ. ಎದುರು ಮಾತಾಡುವುದಿಲ್ಲ.

ನಿನ್ನ ತಂಗಿ

ತಾ.ಕ.: ನಾನು ಬರುವಷ್ಟರಲ್ಲಿ ಇನ್ನೂರ ಹದಿನೈದು ಮಾತು ಬದಲಾಗಿರುತ್ತವೆ. ಒಂದನ್ನು ಮಾತ್ರ ಮುಟ್ಟಿಲ್ಲ, ಮುಟ್ಟುವುದೂ ಇಲ್ಲ. ಎರಡು ಜಡೆಯ ಹುಡುಗಿಯ ಚಿತ್ರ. ಒತ್ತಿದರೆ ಇವತ್ತಿಗೂ ನಿನ್ನ ದನಿಯಲ್ಲೇ ‘ಅಕ್ಕ’ ಎನ್ನುತ್ತದೆ. ಆ ಒಂದು ಮಾತು ನಿನ್ನ ಬಾಯಿಗೆ ಮರಳುವುದಿಲ್ಲ, ಕ್ಷಮಿಸು. ನೀನು ಮನೆಗೆ ಹಿರಿಯವಳು, ಹಾಗೆ ಕರೆಯಲು ನಿನಗೆ ಯಾರೂ ಇಲ್ಲ. ಶನಿವಾರ ನಿನ್ನ ಬಾಗಿಲಲ್ಲಿ ನಿಂತಾಗ ನನಗೆ ಅದು ಬೇಕು.