ಕುಕ್ಕರ್ ವೆಯ್ಟ್ ಮತ್ತು ರಾಣಿಯ ಹಡಗು

ಡೆಸ್ ಪ್ಲೇನ್ಸ್
ಅಕ್ಟೋಬರ್ 7, ಮಂಗಳವಾರ

ಚಿರಂಜೀವಿ ಸೌಭಾಗ್ಯವತಿ ಲತಾಶ್ರೀಗೆ ನಿನ್ನ ಸೋದರಮಾವ ಪುಟ್ಟಸ್ವಾಮಿಯ ಆಶೀರ್ವಾದಗಳು.

ವಿಕ್ಟೋರಿಯಾ ರಾಣಿಯ ನೌಕಾಪಡೆಗೆ ನಾನೊಬ್ಬ ಸಿಕ್ಕಿದ್ದರೆ ಇಂಗ್ಲಿಷರು ಇವತ್ತಿಗೂ ಲೋಕ ಆಳುತ್ತಿದ್ದರು. ಮದ್ದೂರು ಸೀಮೆಯಲ್ಲಿ ಏಳನೇ ಕ್ಲಾಸಿಗೇ ಉಗಿಯ ವಿದ್ಯೆಯನ್ನೆಲ್ಲ ಅರೆದು ಕುಡಿದವನು ನಾನು. ಅಕ್ಷರ ಸೊಟ್ಟಗಿವೆ ಎಂದು ನಗಬೇಡ, ಎಡಗೈಯಲ್ಲಿ ಬರೆಯುತ್ತಿದ್ದೇನೆ.

ಶುಕ್ರವಾರ ದಿನೇಶನ ಬಲಗಣ್ಣಿನ ಪಟ್ಟಿ ಬಿಚ್ಚುತ್ತಾರಂತೆ. ನಿನ್ನ ಗಂಡನ ಕಣ್ಣು ಉಳಿಯಿತೋ ಇಲ್ಲವೋ ಆವತ್ತೇ ಗೊತ್ತಾಗುವುದು ಎಂದು ನಿನ್ನ ತಂಗಿ ಪವಿತ್ರ ಹೇಳಿದಳು. ಷಿಕಾಗೊ ಪಕ್ಕದ ಅವಳ ಈ ಮನೆಯ ನೆತ್ತಿಯ ಮೇಲೇ ವಿಮಾನಗಳು ಹಾರುತ್ತವೆ. ಒಂದೊಂದು ಸದ್ದಿಗೂ ಆ ಹಡಗಿನ ಬಾಯ್ಲರ್ ಮತ್ತೆ ಒಡೆಯಿತೆಂದು ಕಿವಿ ಮುಚ್ಚಿಕೊಳ್ಳುತ್ತೇನೆ. ಷಿಕಾಗೊ ನೋಡಲು ಬಂದೆ ಎಂದು ಇವಳಿಗೆ ಹೇಳಿದ್ದೇನೆ. ಸುಳ್ಳು. ಸೌತ್‌ಫೀಲ್ಡಿನ ನಿನ್ನ ಮನೆಯಿಂದ ಓಡಿಬಂದೆ.

ದಿನೇಶ ನಾಲ್ಕು ವರ್ಷ ಗರಾಜಿನಲ್ಲಿ ಕೂತು 'ಗ್ರೇ ಹೆರನ್' ಎಂಬ ಹಳೇ ಇಂಗ್ಲಿಷ್ ಯುದ್ಧನೌಕೆಯ ಮಾದರಿ ಮಾಡಿದನಲ್ಲ, ನಿಜವಾದ ಉಗಿಯಿಂದಲೇ ಓಡುವುದು. ಅದರ ಜಾತಕ ನನಗೆ ಬಾಯಿಪಾಠ ಎಂದು ಎಲ್ಲರ ಮುಂದೆ ಕೊಚ್ಚಿಕೊಳ್ಳುತ್ತಿದ್ದೆ. 1861ರಲ್ಲಿ ನೀರಿಗಿಳಿಯಿತು, ಹಾಯಿಯೂ ಇತ್ತು ಇಂಜಿನ್ನೂ ಇತ್ತು, ಹನ್ನೊಂದು ವರ್ಷ ಆಫ್ರಿಕಾ ಕರಾವಳಿಯಲ್ಲಿ ಗುಲಾಮರನ್ನು ಸಾಗಿಸುವವರನ್ನು ಅಟ್ಟಾಡಿಸಿತು. ಅಲ್ಲಿಂದಾಚೆಗೆ ಅವನು ಹೇಳುವಾಗಲೆಲ್ಲ ನಾನು ತೂಕಡಿಸಿದ್ದೆ.

ಶನಿವಾರ ಪಾರ್ಕಿನ ಕೊಳದಲ್ಲಿ ಪಂದ್ಯ. ವಾರೆನ್‌ನಲ್ಲಿ ಕಾರು ಡಿಸೈನ್ ಮಾಡುವ ವಿಜಯ್ ಕುಮಾರನೂ ತನ್ನ ಉಗಿದೋಣಿ ತಂದಿದ್ದ. "ಏನ್ ಅಂಕಲ್, ನಿಮ್ ಹಡಗು ರೇಸಿಗೋ, ಟೀ ಕಾಯ್ಸಕ್ಕೋ?" ಎಂದ. ಮದ್ದೂರಿನ ಮಾನದ ಪ್ರಶ್ನೆ. ದಿನೇಶ ಕಾರಿನಿಂದ ನೀರಿನ ಕ್ಯಾನ್ ತರಲು ಹೋದಾಗ, ಹೆಚ್ಚಿನ ಉಗಿ ಹೊರಹೋಗುವ ವಾಲ್ವಿನ ಮೇಲೆ ನಿನ್ನ ಕುಕ್ಕರಿನ ವೆಯ್ಟ್ ಇಟ್ಟು ತಂತಿ ಬಿಗಿದೆ. ಬೆಳಿಗ್ಗೆಯೇ ಜೇಬಿಗೆ ಹಾಕಿಕೊಂಡಿದ್ದೆ. ವೆಯ್ಟ್ ಇಟ್ಟರೆ ಬೇಳೆ ಬೇಗ ಬೇಯುತ್ತದೆ, ಹಡಗೇಕೆ ಬೇಗ ಓಡಬಾರದು?

"ಮಾವ, ಪ್ರೆಶರ್ ಮುಳ್ಳು ಯಾಕೆ ಕೆಂಪು ದಾಟ್ತಾ ಇದೆ?" ಎಂದು ಅವನು ಬಗ್ಗಿದ. ಆಗಲಾದರೂ ಹೇಳಬೇಕಿತ್ತು. "ಓಡ್ಲಿ ಬಿಡಪ್ಪ" ಎಂದೆ. ಮರುಕ್ಷಣ ಭಯವಾಗಿ ವೆಯ್ಟ್ ಕೀಳಲು ಕೈ ಹಾಕಿದೆ. ಅಷ್ಟರಲ್ಲಿ ಬಾಯ್ಲರ್ ಒಡೆದು ಅವನ ಕಣ್ಣಿಗೇ ಬಡಿಯಿತು. ಎಲ್ಲರೂ ಅವನ ಸುತ್ತ ಸೇರಿದಾಗ ನಾನು ಹುಲ್ಲಿನಲ್ಲಿ ಬಿದ್ದಿದ್ದ ವೆಯ್ಟನ್ನು ಕೊಳಕ್ಕೆ ಎಸೆದೆ ಕಣವ್ವ. ಮನೆಯಲ್ಲಿ ಹುಡುಕಬೇಡ.

ಆಸ್ಪತ್ರೆಯಲ್ಲಿ ಅವನೇ ನನ್ನನ್ನು ಸಮಾಧಾನ ಮಾಡಿದ. "ನನ್ ಬೆಸುಗೇನೇ ಸರಿ ಇರ್ಲಿಲ್ಲ ಮಾವ, ನಿಮ್ ಕೈಗೂ ತಗುಲ್ತು. ಇನ್ನು ಈ ಕೆಲ್ಸ ಮುಟ್ಟಲ್ಲ," ಎಂದ. ಆಮೇಲೆ ನಾನು ತೂಕಡಿಸಿದ್ದ ಭಾಗವನ್ನು ಹೇಳಿದ: ಇನ್ನೊಂದು ಹಡಗಿನ ಜೊತೆ ಓಟಕ್ಕೆ ಬಿದ್ದ ಒಬ್ಬ ಅಧಿಕಾರಿ ಗ್ರೇ ಹೆರನ್ನಿನ ವಾಲ್ವ್ ಕಟ್ಟಿಸಿದ, ಬಾಯ್ಲರ್ ಸಿಡಿದು ಕಲ್ಲಿದ್ದಲು ಹಾಕುತ್ತಿದ್ದ ಆರು ಜನ ಸತ್ತರು. ಇಂಜಿನ್ ಕಿತ್ತು ಹಡಗನ್ನು ಬಂದರಿನಲ್ಲಿ ಕಲ್ಲಿದ್ದಲ ಉಗ್ರಾಣ ಮಾಡಿದರು, ಕೊನೆಗೆ ಗುಜರಿಗೆ ಹಾಕಿದರು. "ಶತ್ರು ಗುಂಡಿಗೆ ಹೋಗ್ಲಿಲ್ಲ ಮಾವ, ಒಬ್ಬನ ಅವಸರಕ್ಕೆ ಹೋಯ್ತು." ಮರುದಿನವೇ ಬಸ್ ಹತ್ತಿದೆ.

ಅವನ ಬೆಸುಗೆಯಲ್ಲಿ ತಪ್ಪಿರಲಿಲ್ಲ. ಪಟ್ಟಿ ಬಿಚ್ಚುವ ಮೊದಲೇ ಇದನ್ನು ಅವನಿಗೆ ಓದಿ ಹೇಳು. ಕಣ್ಣು ಬಂದ ಮೇಲೆ ಕ್ಷಮೆ ಕೇಳುವುದು ಸುಲಭ, ಆ ಸುಲಭ ನನಗೆ ಬೇಡ. ಆಮೇಲೆ ಫೋನ್ ಮಾಡು, ಬೈಯಲಿಕ್ಕಾದರೂ.

ಹೆದರಿ ಕೂತಿರುವ ನಿನ್ನ ಮಾವ,
ಪುಟ್ಟಸ್ವಾಮಿ

ಮರೆತಿದ್ದೆ: ಮದ್ದೂರಿನ ಮಾನ ಎಂದದ್ದು ಅರ್ಧ ನಿಜ. ವಿಜಯ್ ಕುಮಾರನ ಜೊತೆ ಬಾಜಿ ಕಟ್ಟಿದ್ದೆ, ಹಣ ಮೊದಲೇ ಅವನ ಕೈಗೆ ಎಣಿಸಿದ್ದೆ. ನನ್ನ ಆಸ್ಪತ್ರೆ ಇನ್ಶೂರೆನ್ಸ್ ಕಟ್ಟಲು ನೀನು ಕೊಟ್ಟಿದ್ದೆಯಲ್ಲ, ಅದೇ. ಕಟ್ಟಿದೆ ಎಂದಿದ್ದೆ, ಕಟ್ಟಿಲ್ಲ. ಬಲಗೈ ಊದಿಕೊಂಡಿದೆ, ಪವಿತ್ರ ಡಾಕ್ಟರ್ ಹತ್ತಿರ ಕರೆದರೆ, ಅರಿಶಿನ ಸಾಕು ಎನ್ನುತ್ತಿದ್ದೇನೆ. ಇಲ್ಲಿ ಬಾಜಿಯ ಹಣ ಇಪ್ಪತ್ತು ಡಾಲರ್ ಎಂದು ಬರೆದು ಹೊಡೆದುಹಾಕಿದ್ದೇನೆ, ನೋಡು. ಆರುನೂರ ನಲವತ್ತು.