ಎಂಟು ಸಾವಿರದ ರಾಜ, ಮಳೆಗಾಲದ ಜೀಪು

ಮಹಾಜನಗಳೇ, ತಾಯಂದಿರೇ, ಮುಂದಿನ ಚಾಪೆಯಲ್ಲಿ ಗಲಾಟೆ ಮಾಡುತ್ತಿರುವ ಮಕ್ಕಳೇ!... ಕ್ಷಮಿಸಿ ಮೇಷ್ಟ್ರೇ, ಕಾಗದ ನಿಮಗೊಬ್ಬರಿಗೇ. ಪೆನ್ನು ಹಿಡಿದರೂ ನನಗೆ ಪರದೆ ಎದ್ದ ಹಾಗಾಗುತ್ತದೆ. ಈ ರೋಗ ಹಚ್ಚಿದವರು ನೀವೇ ಅಲ್ಲವೇ?

ನೆನಪಿದೆಯೇ, ಶಾಲೆಯ ವಾರ್ಷಿಕೋತ್ಸವಕ್ಕೆ ನಾಟಕ ಬರೆದು, ಪಾತ್ರಗಳನ್ನೇ ಊರವರ ಮುಂದೆ ಹರಾಜಿಗಿಟ್ಟದ್ದು? "ರಾಜ ಆಗ್ಬೇಕಾ? ದುಡ್ಡು ಕೊಡು ಮಾರಾಯ, ಶಾಲೆಯ ಹೆಂಚಿಗಾಗ್ತದೆ" ಎಂದಿರಿ. ಅಂದಿನಿಂದ ನಮ್ಮ ಮೇಲಿನ ಶಾಲೆಯ ರಾಜ ನಾನು. ನಮ್ಮನ್ನು ನೋಡಿ ಹಳ್ಳದಾಚೆಯ ಕೆಳಗಿನ ಶಾಲೆಯವರೂ ಹರಾಜು ಶುರು ಮಾಡಿದರು. ಅಲ್ಲಿ ಸುಬ್ಬಣ್ಣ ರಾಜ. ಎರಡು ಶಾಲೆ, ಎರಡು ಕಿರೀಟ, ಎಲ್ಲೂ ಮಾಡು ಸೋರಲಿಲ್ಲ.

ನೀವು ವರ್ಗವಾಗಿ ಹೋದ ಮರುವರ್ಷ ಶೃಂಗೇರಿಯಿಂದ ಶಿಕ್ಷಣ ಇಲಾಖೆಯ ಸಾಹೇಬರೊಬ್ಬರು ಬಂದರು. ಬಿಸಿಯೂಟ ಶುರುವಾದ ಮೇಲೂ ನಮ್ಮಲ್ಲಿ ಮಕ್ಕಳು ಒಂಬತ್ತೇ; ಕೆಳಗಿನ ಶಾಲೆಗೆ ಸೇರಿಸಿದರೆ ಖರ್ಚು ಉಳಿಯುತ್ತದಂತೆ. ಯಾರ ಖರ್ಚು? ಮಳೆಗಾಲದ ನಾಲ್ಕು ತಿಂಗಳು ಹಳ್ಳ ದಾಟುವಂತಿಲ್ಲ, ರಸ್ತೆ ಸುತ್ತಿ ಜೀಪಿನಲ್ಲೇ ಹೋಗಬೇಕು. ಡ್ರೈವರ್ ಮಳೆಗಾಲ ಪೂರ್ತಿಗೆ ಎಂಟು ಸಾವಿರ ಕೇಳಿದ, ಅದೂ ಮುಂಗಡ. ಸಾಹೇಬರ ಕಡತದಲ್ಲಿ ಜೀಪೇ ಇಲ್ಲ. "ಶಾಲೆ ಒಂದಾದರೆ ನಾಟಕವೂ ಒಂದು, ರಾಜನೂ ಒಬ್ಬ! ಒಬ್ಬ ರಾಜನ ದುಡ್ಡಲ್ಲಿ ಹೆಂಚು ಹೊದಿಸುವುದೋ, ಜೀಪು ಓಡಿಸುವುದೋ?" ಎಂದು ಗುಡುಗಿದೆ. ಸಾಹೇಬರು ಕಿವಿ ಮುಚ್ಚಿಕೊಂಡರು. ಆಗ ಗಿರಿಜಕ್ಕ ಎದ್ದು, "ಜೀಪು ಇಲ್ದಿದ್ರೆ ನನ್ನ ಕೂಸನ್ನ ಕಳ್ಸೂದಿಲ್ಲ. ನಾಲ್ಕು ತಿಂಗ್ಳು ಬಿಟ್ಟದ್ದು ಮತ್ತೆ ಶಾಲೆಗೆ ಹೋಗ್ತದಾ?" ಎಂದಳು. ಮೇಷ್ಟ್ರೇ, ನನ್ನ ಗುಡುಗು ಅಲ್ಲೇ ಅಡಗಿತು. ಶಾಲೆ ಮಾತ್ರ ಈ ವರ್ಷ ಸೇರಿಯೇ ಹೋಯಿತು.

ಇವತ್ತು ಮಧ್ಯಾಹ್ನ ಎರಡೂ ಕಡೆಯವರು ಸೇರಿ ಒಂದೇ ಹರಾಜು. ನಾಟಕ ಜನವರಿಗೆ, ಜೀಪಿನ ದುಡ್ಡು ಈಗಲೇ ಬೇಕಲ್ಲ? ರಾಜನ ಆಸೆ ಮನೆಯಲ್ಲೇ ಬಿಟ್ಟು ಹೋಗಿದ್ದೆ. ಸುಬ್ಬಣ್ಣನನ್ನು ಎಂಟಕ್ಕೆ ಹತ್ತಿಸುವುದೊಂದೇ ನನ್ನ ಹೂಟ. ನಾನು ಎರಡು ಸಾವಿರ ಎಂದೆ. ಅವನು ಮೂರು. ನಾನು ಐದು.

"ಎಂತ ಮಾರಾಯ, ನೀನು ಕೂಗಿದ್ರೆ ನಮ್ಮ ಎಮ್ಮೆ ಹಗ್ಗ ಹರ್ಕೊಂಡು ಓಡ್ತದೆ. ನಿಂಗೆ ರಾಜ ಎಂತಕ್ಕೆ? ಆರು!"

"ನಿನ್ನ ಹೊಟ್ಟೆ ಸಿಂಹಾಸನದಲ್ಲಿ ಹಿಡಿಸ್ತದಾ ನೋಡ್ಕೊ ಮೊದ್ಲು. ಏಳೂವರೆ!"

ಸುಬ್ಬಣ್ಣ ಹಿಂದಕ್ಕೆ ಒರಗಿ ಕೂತ. ನನ್ನ ಕಿಸೆಯಲ್ಲಿದ್ದದ್ದು ಮೂರೇ ಸಾವಿರ. ಒಂದನೇ ಸಲ... ಎರಡನೇ ಸಲ... ಹೆಂಡತಿಗೆ ಏನು ಹೇಳಲಿ ಎಂದು ನಾನು...

"ಎಂಟು!" ಸುಬ್ಬಣ್ಣ ಮೇಜು ಗುದ್ದಿದ.

"ಸೋತ! ಸೋತ!" ಎಂದು ಜನ ಶಿಳ್ಳೆ ಹೊಡೆದರು. ನಗು ಕಾಣದಿರಲೆಂದು ತಲೆ ತಗ್ಗಿಸಿ ಕೂತೆ. ಅಷ್ಟು ಒಳ್ಳೆಯ ನಟನೆ ನಿಮ್ಮೆದುರು ಎಂದಾದರೂ ಮಾಡಿದ್ದೆನೇ? ಆದರೂ ಆ ಕಿರೀಟ... ಬಿಡಿ. ಕಿಸೆಯ ಮೂರು ಸಾವಿರಕ್ಕೆ ಕಾವಲುಗಾರನ ಪಾತ್ರ ಹಿಡಿದೆ. ಒಂದೇ ಮಾತಿದೆ, ಅದನ್ನೇ ಊರಿಗೆ ಕೇಳುವ ಹಾಗೆ ಹೇಳುತ್ತೇನೆ.

ನಾಳೆ ಬೆಳಿಗ್ಗೆ ಎಂಟಕ್ಕೆ ಜೀಪಿನ ಮುಂದಿನ ಸೀಟಿನಲ್ಲಿ ನಾನೇ ಕೂರುತ್ತೇನೆ. ಮನೆ ಮನೆಯ ಮುಂದೆ ನಿಲ್ಲಿಸಿ ಒಂಬತ್ತು ಹೆಸರನ್ನೂ ಕೂಗುತ್ತೇನೆ. ಗಿರಿಜಕ್ಕನ ಕೂಸಿನದು ಮೊದಲು.