ಉತ್ಪಾದಿತ ನೀರು

ಮೂಡಾಗರ
ಫೆಬ್ರವರಿ ಮೂವತ್ತು, ೨೧೬೪

ಏ ನಾಗವೇಣಿ, ನೆಟ್ಟಗೆ ಕೂತು ಓದು. ಕಾಲು ಚಾಚಿಕೊಂಡು, ಒಂದು ಕಣ್ಣನ್ನು ಮೊಬೈಲಿನ ಮೇಲಿಟ್ಟುಕೊಂಡು ಓದುವ ಕಾಗದವಲ್ಲ ಇದು. ಮೇಲಿನ ತಾರೀಕು ನೋಡಿ ಹಲ್ಲು ಕಿಸಿಯಲೂ ಬೇಡ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿದ ಐದು ದಿನ ಯಾವ ತಿಂಗಳಿಗೂ ಸೇರದೆ ಬಿದ್ದಿರುತ್ತವೆ, ಆಗ ಮದುವೆ ಮುಂಜಿ ಮಾಡುವುದಿಲ್ಲ, ಅಷ್ಟೆ. ನೀನು ನನ್ನ ಅಜ್ಜಿಯ ಅಜ್ಜಿ. ಲೆಕ್ಕದ ಪ್ರಕಾರ ನಿನಗೆ ಬಹುವಚನ ಕೊಡಬೇಕು. ಆದರೆ ಇದು ನಿನ್ನ ಕೈಗೆ ಸಿಗುವಾಗ ನಿನಗೆ ಇಪ್ಪತ್ತಾರು, ಬರೆಯುತ್ತಿರುವ ನನಗೆ ಎಪ್ಪತ್ತೊಂದು. ಇನ್ನೂ ಮದುವೆಯಾಗದ ಹುಡುಗಿಗೆ 'ನೀವು' ಎನ್ನಲು ನನ್ನ ಕೈ ಏಳುವುದಿಲ್ಲ. ಅದರಲ್ಲೂ ಬೈಯಲು ಕೂತಿರುವಾಗ.

ನಾನು ಓದಿದ್ದು ನಾಲ್ಕನೆಯ ಕ್ಲಾಸಿನವರೆಗೆ. ಕೆಲವು ಮಾತು ನಿನಗೆ ವಿಚಿತ್ರವಾಗಿ ಕೇಳಿದರೆ ಕ್ಷಮಿಸು. ಅವು ನೀನು ಸತ್ತ ಮೇಲೆ ಹುಟ್ಟಿದ ಮಾತುಗಳು. ಈ ಕಾಗದ ಬಂದ ದಾರಿಗೆ ನಾವು ಹಿಂದಂಚೆ ಎನ್ನುತ್ತೇವೆ. ಹಿಂದಿನವರಿಗೆ ಬರೆಯುವ ಅಂಚೆ. ಅಮಾವಾಸ್ಯೆಯ ಉಬ್ಬರಕ್ಕೆ ಹೋಗುತ್ತದೆ, ಮುಂದಿನ ಅಮಾವಾಸ್ಯೆಯವರೆಗೆ ಉತ್ತರಕ್ಕೆ ದಾರಿ ತೆರೆದಿರುತ್ತದೆ. ಒಬ್ಬೊಬ್ಬರಿಗೂ ಜೀವಮಾನದಲ್ಲಿ ಒಂದೇ ಕಾಗದ. ಹೆಚ್ಚಿನವರು ತೀರಿಹೋದ ಅಮ್ಮನಿಗೆ ಬರೆಯುತ್ತಾರೆ. ನಾನು ಮೂವತ್ತು ವರ್ಷದಿಂದ ನನ್ನ ಕಾಗದವನ್ನು ನಿನಗೆಂದೇ ಕಾದಿಟ್ಟಿದ್ದೆ. ನಿನ್ನನ್ನು ಹೊಗಳಿ ಬರೆಯಬೇಕೆಂದಿದ್ದೆ. ನಮ್ಮ ಉಪ್ಪಿನ ಆಗರಕ್ಕೆ ಭಾಗ್ಯ ತಂದ ನಾಗವೇಣಿ ಎಂದು!

ಈಗಿನ ಮೂಡಾಗರವನ್ನು ಸ್ವಲ್ಪ ಹೇಳುತ್ತೇನೆ. ಮನೆಗಳೆಲ್ಲ ಕಂಬದ ಮೇಲೆ. ಅವಕ್ಕೆ ಏರುಮನೆ ಎನ್ನುತ್ತೇವೆ. ಸಮುದ್ರ ದಿನಕ್ಕೆರಡು ಸಲ ಕೆಳಗೆ ಬಂದು ಹೋಗುತ್ತದೆ. ಅದರ ಮೇಲೆ ನಮಗೆ ಸಿಟ್ಟಿಲ್ಲ, ಹೇಳಿಯೇ ಬರುತ್ತದೆ. ನೀನು ದಿನಾ ಬುತ್ತಿ ಹಿಡಿದು ಹೋಗುವ ಉಪ್ಪಿನ ಗದ್ದೆಗಳಿಗೆ ಹತ್ತು ವರ್ಷದ ಹಿಂದೆ ಕಾರಣ ಹೇಳದೆ ಬೇಲಿ ಹಾಕಿದರು. ಹೊಳೆಯಂಚಿನ ಉಪ್ಪುನೀರಲ್ಲಿ ಬೇರೂರುತ್ತಿದ್ದ ಕಾಂದಲ ಗಿಡ ಒಂದೂ ಇಲ್ಲ. ಕೆಸರಲ್ಲಿ ಬಳಚು ಚಿಪ್ಪು ಹೆಕ್ಕುವವರಿಲ್ಲ, ಹೆಕ್ಕಲು ಬಳಚೂ ಇಲ್ಲ. ಅಡುಗೆಯ ಉಪ್ಪು ಎಲ್ಲಿಂದಲೋ ದೋಣಿಯಲ್ಲಿ ಬರುತ್ತದೆ, ಮನೆಗೊಂದು ಪೊಟ್ಟಣ. ಸಾವಿರ ವರ್ಷ ಊರೂರಿಗೆ ಉಪ್ಪು ಹೊತ್ತವರ ಮಕ್ಕಳು ಪೊಟ್ಟಣಕ್ಕಾಗಿ ಸಾಲು ನಿಲ್ಲುತ್ತೇವೆ. ಕುತ್ತಿಗೆಯಲ್ಲಿ ಪ್ರತಿಯೊಬ್ಬರಿಗೂ ಒಂದು ಜೀರುಂಡೆ. ಹುಳವಲ್ಲ, ಅಂಗಿಯ ಗುಂಡಿಯಷ್ಟು ಯಂತ್ರ. ಕಣ್ಣಿಗೆ ಕಾಣದ ವಿಷ ಹತ್ತಿರವಿದ್ದರೆ ಕಿರ್ ಎಂದು ಕೂಗುತ್ತದೆ.

ಇದೆಲ್ಲ ಒಂದು ಮಾತಿನಿಂದ ಆಯಿತು. ಎಣ್ಣೆ ಬಾವಿ ತೋಡುವವರ ಭಾಷೆ ನಿನಗಿನ್ನೂ ಗೊತ್ತಿಲ್ಲ, ಮುಂದೆ ಕೇಳಲಿದ್ದೀಯ. ಅವರು ಬೇರೆ ಶಬ್ದಗಳನ್ನು ತರುವುದಿಲ್ಲ. ನಮ್ಮ ಮನೆಯ ಶಬ್ದಗಳನ್ನೇ ಎತ್ತಿಕೊಂಡು ಹೋಗಿ ಬೇರೆ ಅರ್ಥ ತುಂಬಿ ವಾಪಸು ಕೊಡುತ್ತಾರೆ. ಬಾವಿಯ ಬಾಯಿಗೆ ಕೂರಿಸುವ ಕಬ್ಬಿಣದ ತಿರುಗಣೆಗಳ ಗೋಪುರಕ್ಕೆ ಕ್ರಿಸ್ಮಸ್ ಮರ ಎನ್ನುತ್ತಾರೆ. ಅದರಲ್ಲಿ ಎಲೆಯೂ ಇಲ್ಲ, ಏಸುವೂ ಇಲ್ಲ. ಕೊಳವೆಯೊಳಗೆ ತೂರಿಸಿ ಕೊಳೆ ತೆಗೆಯುವ ಉರುಳೆಗೆ ಹಂದಿ. ಗಂಧಕ ಕಡಿಮೆಯಿರುವ ಎಣ್ಣೆ ಸಿಹಿ, ಮೂಗಿಗೆ ಬಡಿದರೆ ಆಳು ಬೀಳಿಸುವ ಅನಿಲ ಹುಳಿ. ಹುಳಿ ಎಂದರೆ ಮಜ್ಜಿಗೆ ಎಂದುಕೊಂಡು ನಮ್ಮವರು ಎಷ್ಟು ಜನ ಅದರ ಪಕ್ಕದಲ್ಲಿ ಬುತ್ತಿ ಬಿಚ್ಚಿದರೋ!

ಮೀನು ಹಿಡಿಯುವ ಹರಿಕಂತ್ರರ ಜಟ್ಟಿಯ ಕತೆ ನಮ್ಮೂರಲ್ಲಿ ಈಗಲೂ ಹೇಳುತ್ತಾರೆ. ಬಾವಿಯೊಳಗೆ ಏನಾದರೂ ಸಲಕರಣೆ ಕಳಚಿ ಬಿದ್ದರೆ ಅವರಿಗೆ ಅದು ಮೀನು, ಅದನ್ನು ಮೇಲೆತ್ತುವುದು ಫಿಶಿಂಗ್. ಫಿಶಿಂಗಿಗೆ ಜನ ಬೇಕೆಂದು ಯಾರೋ ಹೇಳಿದರು. ಜಟ್ಟಿ ಹೊಸ ಬಲೆ ಹೆಗಲಿಗೇರಿಸಿಕೊಂಡು ಹೋದ. ಗೇಟಿನಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಮನೆಗೆ ಬಂದಾಗ ಹೆಂಡತಿ ಕೇಳಿದಳು:

"ಎಂತಾ ಮೀನು ಬಿತ್ತು?"

"ಕಬ್ಣದ್ದು, ಮಾರಾಯ್ತಿ. ಮಸಾಲೆ ಅರಿ."

ಅದು ನಗುವ ಕತೆ. ನಿನ್ನದು ಹಾಗಲ್ಲ. ಬರುವ ಭಾನುವಾರ ಉಪ್ಪಿನ ಸಂಘದ ಅಂಗಳದಲ್ಲಿ ಸಭೆ ಸೇರುತ್ತದೆ. ಕಂಪನಿಯವರು ಕನ್ನಡದಲ್ಲೇ ಅಚ್ಚು ಹಾಕಿಸಿದ ಒಪ್ಪಂದವನ್ನು ತರುತ್ತಾರೆ. ಊರಿನಲ್ಲಿ ಡಿಗ್ರಿ ಮಾಡಿದವಳು ನೀನೊಬ್ಬಳೇ ಎಂದು ಓದಲು ನಿನ್ನನ್ನೇ ಎಬ್ಬಿಸುತ್ತಾರೆ. ಅದರಲ್ಲಿ 'ಉತ್ಪಾದಿತ ನೀರನ್ನು ಆಗರದ ಗದ್ದೆಗಳಿಗೆ ಉಚಿತವಾಗಿ ಬಿಡಲಾಗುವುದು' ಎಂಬ ಸಾಲು ಬರುತ್ತದೆ. ಹಿರಿಯ ಬೊಮ್ಮಯ್ಯ ಕೈಯೆತ್ತಿ ನಿಲ್ಲಿಸುತ್ತಾನೆ. ನನ್ನ ಅಜ್ಜಿ ಈ ಕತೆಯನ್ನು ನಿನ್ನ ಮಡಿಲಲ್ಲಿ ಕೂತು ನಿನ್ನ ಬಾಯಿಂದಲೇ ಕೇಳಿದವಳು. ಹಾಗಾಗಿ ಮಾತಿಗೆ ಮಾತು ನನಗೆ ಬಾಯಿಪಾಠ.

"ಎಂತಾ ನೀರೇ ತಂಗಿ ಅದು? ನನ್ ತಲೆ ಹಣ್ಣಾತು, ಆ ಹೆಸರಿನ ನೀರು ಕೇಳ್ಲಿಲ್ಲ."

"ಕಂಪನಿಯವ್ರು ತಯಾರ್ ಮಾಡೂ ನೀರು, ದೊಡ್ಡಪ್ಪ. ಸಮುದ್ರದ ನೀರಿಗಿಂತ ಎಷ್ಟೋ ಪಟ್ಟು ಉಪ್ಪಂತೆ."

"ಬಿಟ್ಟಿಯಾಗೆ?"

"ಬಿಟ್ಟಿಯಾಗೆ."

"ಹಂಗಾರೆ ಇನ್ನೆಂತಾ ನೋಡೂದು? ತನ್ನಿ ಪೆನ್ನ!"

ಬೇರೆ ಊರಿನವರಾಗಿದ್ದರೆ ಉಪ್ಪುನೀರು ಎಂದ ಕೂಡಲೇ ಓಡಿಸುತ್ತಿದ್ದರು. ನಮ್ಮವರಿಗೆ ಬಾಯಲ್ಲಿ ನೀರು ಬಂತು. ಸಮುದ್ರದ ನೀರನ್ನು ಗದ್ದೆಯಿಂದ ಗದ್ದೆಗೆ ಹಾಯಿಸಿ, ಬಿಸಿಲಿಗೆ ಬಿಟ್ಟು, ಗಟ್ಟಿಯಾಗಲಿ ಎಂದು ಮೋಡ ನೋಡುತ್ತ ಬದುಕಿದವರು. ಯಾರೋ ಗಟ್ಟಿ ಮಾಡಿಯೇ ಕೊಡುತ್ತೇನೆಂದರೆ ಬೇಡವೆನ್ನುತ್ತಾರೆಯೇ? ಆ ನೀರು ಬಂತು. ಉಪ್ಪು ಎರಡೇ ದಿನಕ್ಕೆ ಹರಳುಗಟ್ಟಿತು. ನಮ್ಮ ಉಪ್ಪು ಮೊದಲಿಂದಲೂ ಕಂದು ಬಣ್ಣದ್ದಲ್ಲವೇ, ಇದು ಮಲ್ಲಿಗೆಯಂತೆ ಬಿಳಿ. ನಿನ್ನನ್ನು ಖುರ್ಚಿಯಲ್ಲಿ ಕೂರಿಸಿ ಹಾರ ಹಾಕಿದರು. ಆಮೇಲೆ ನಮ್ಮ ಮನೆಯ ಪ್ರತಿ ಮದುವೆಯಲ್ಲೂ ಈ ಕತೆ ಹೇಳಿಯೇ ಎಲೆ ಹಾಕುವುದು ಪದ್ಧತಿಯಾಯಿತು. ನಾನೂ ಹೇಳಿದ್ದೇನೆ, ಕೈ ತಿರುಗಿಸಿ ತಿರುಗಿಸಿ.

ಹೋದ ಮಳೆಗಾಲ ಮುಗಿದ ಮೇಲೆ ಬಾವಿ ಮುಚ್ಚುವವರು ಬಂದರು. ಅವರಲ್ಲಿ ಭಟ್ಕಳದ ಹುಡುಗಿಯೊಬ್ಬಳು, ಮೆಹಜಬೀನ್ ಎಂದು, ಇಂಜಿನಿಯರು. ನಮ್ಮ ಏರುಮನೆಯ ಮೆಟ್ಟಿಲ ಮೇಲೆ ಕೂತು ಚಾ ಕುಡಿಯುವಾಗ ನಾನು ಅವಳಿಗೂ ನಿನ್ನ ಕತೆ ಹೇಳಿದೆ. ಅವಳು ಲೋಟ ಕೆಳಗಿಟ್ಟಳು.

"ಅಜ್ಜಿ, ಅದು ಯಾರೂ ತಯಾರ್ ಮಾಡಿದ ನೀರಲ್ಲ. ಎಣ್ಣೆ ಸಂಗಡ ನೆಲದ ಹೊಟ್ಟೆಯಿಂದ ಬರೂ ಹೊಲಸು ನೀರು. ಉಪ್ಪಿರ್ತದೆ, ಎಣ್ಣೆಯಿರ್ತದೆ, ಸೀಸ, ರೇಡಿಯಮ್ಮು ಎಲ್ಲ ಇರ್ತದೆ. ಎಲ್ಲಿ ಚೆಲ್ಲೂದು ಅಂತ ಕಂಪನಿಗಳಿಗೆ ಅದೇ ದೊಡ್ಡ ತಲೆಬಿಸಿ."

"ಹಂಗಾರೆ ಉತ್ಪಾದಿತ ಅಂತ ಯಾಕಂದ್ರು?"

"ಬಾವಿಯಿಂದ ಮೇಲೆ ಬಂದದ್ದಕ್ಕೆಲ್ಲ ಅವರ ಭಾಷೆಲಿ ಉತ್ಪಾದನೆ ಅಂತ್ಲೇ ಹೆಸರು."

"ಹಂಗಾರೆ ನಾ ವಾಂತಿ ಮಾಡಿದ್ರೂ ಉತ್ಪಾದನೆಯೇನೇ?"

ಅವಳು ನಗಲಿಲ್ಲ. ನನ್ನ ಜೀರುಂಡೆ ಯಾವಾಗಿನಿಂದ ಕೂಗುತ್ತಿದೆ ಎಂದು ಕೇಳಿದಳು. ಹಾಕಿದ ದಿನದಿಂದ ಎಂದೆ. ಕೆಟ್ಟುಹೋಗಿದೆ ಎಂದು ನಾವೆಲ್ಲ ತಿಳಿದಿದ್ದೆವು. ಅದು ಕೆಟ್ಟಿರಲಿಲ್ಲ, ನಾಗವೇಣಿ. ಬೇಲಿ ಹಾಕುವವರೆಗೆ ಅರವತ್ತು ವರ್ಷ ಆ ಬಿಳಿ ಉಪ್ಪು ತಿಂದ ನನ್ನ ಮೂಳೆಗಳನ್ನು ಕಂಡು ಕೂಗುತ್ತಿತ್ತು.

ನನ್ನ ಮೊಮ್ಮಗಳು ರತ್ನಿಗೆ ಈಗ ಐದು ತಿಂಗಳು. ಮೊದಲ ಬಸಿರು. ಅವಳ ಹೊಟ್ಟೆಯ ಮೇಲೆ ಒಂದು ಸಲ ಕೈಯಿಡೋಣವೆಂದು ಹತ್ತಿರ ಹೋದರೆ ಅವಳ ಕುತ್ತಿಗೆಯಲ್ಲಿ ಕಿರ್ ಎನ್ನುತ್ತದೆ. ಅವಳು ಹಿಂದೆ ಸರಿಯುವುದಿಲ್ಲ, ಪಾಪ. ನಾನೇ ಸರಿಯುತ್ತೇನೆ. ಆಸ್ಪತ್ರೆಯವರು ಅವಳನ್ನು ಘಟ್ಟದ ಮೇಲಕ್ಕೆ ಕಳಿಸಲು ಬರೆದುಕೊಟ್ಟಿದ್ದಾರೆ. ಹೋದ ಬಸುರಿಯರು ಇಲ್ಲಿಗೆ ವಾಪಸು ಬರುವಂತಿಲ್ಲ. ನಾನು ಜೊತೆಗೆ ಹೋಗುವಂತಿಲ್ಲ. ಮಗು ಅತ್ತರೆ ಯಾರ ದನಿಯ ಹಾಗೆ ಅಳುತ್ತದೆ ಎಂದು ನನಗೆ ಗೊತ್ತಾಗುವುದಿಲ್ಲ. ಬಾವಿ ಮುಚ್ಚುವುದಕ್ಕೂ ಅವರಲ್ಲೊಂದು ಮಾತಿದೆ: ಕೈಬಿಡುವುದು. ಒಳಗೆ ಸಿಮೆಂಟು ಸುರಿದು, ಮುಚ್ಚಳ ಬೆಸೆದು, ಸೋರುತ್ತದೆಯೋ ಎಂದು ಪರೀಕ್ಷಿಸಿ, ಹೆಸರು ಕೆತ್ತಿ ಆಮೇಲೆ ಕೈಬಿಡುತ್ತಾರೆ. ಬಾವಿಯನ್ನು ಎಷ್ಟು ಮರ್ಯಾದೆಯಿಂದ ಕೈಬಿಟ್ಟರು ಎಂದು ನೋಡಿ ನನ್ನ ಹೊಟ್ಟೆ ಉರಿಯಿತು. ನಮ್ಮನ್ನು ಹಾಗೆಯೇ ಸುಮ್ಮನೆ ಬಿಟ್ಟರು.

ಕಂಪನಿಯ ಮೇಲೆ ನನಗೆ ಸಿಟ್ಟಿದೆ, ಆದರೆ ನಂಬಿಕೆದ್ರೋಹ ಎನ್ನಲಾರೆ. ಅವರನ್ನು ನಂಬಿದವರು ಯಾರು? ನಮ್ಮವರು ನಂಬಿದ್ದು ನಿನ್ನನ್ನು. ಆ ಸಾಲು ಬಂದಾಗ ನಿನಗೆ ಅರ್ಥ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ನಾಚಿಕೆಯಾಯಿತು. ಇಷ್ಟು ಓದಿಯೂ ಗೊತ್ತಿಲ್ಲವೇ ಎಂದಾರು ಎಂದು ಬಾಯಿಗೆ ಬಂದದ್ದನ್ನು ಹೇಳಿದೆ. ಇಷ್ಟೇ ಆಗಿದ್ದರೆ ಹುಡುಗಿ ಬುದ್ಧಿ ಎಂದು ನುಂಗಿಕೊಳ್ಳುತ್ತಿದ್ದೆ. ಆದರೆ ಮೆಹಜಬೀನ್ ಹೋದ ಮೇಲೆ ನನ್ನ ಅಜ್ಜಿ ಹೇಳಿದ ಇನ್ನೊಂದು ಸಂಗತಿ ನೆನಪಾಯಿತು. ಮುದುಕಿಯಾದ ಮೇಲೆ ನೀನು ಆಗರದ ಉಪ್ಪು ಮುಟ್ಟುತ್ತಿರಲಿಲ್ಲವಂತೆ. ಕುಮಟೆಯಿಂದ ನಿನಗೊಬ್ಬಳಿಗೆ ಪ್ಯಾಕೆಟ್ ಉಪ್ಪು ತರಿಸುತ್ತಿದ್ದೆಯಂತೆ. ಬಿಪಿ ಇತ್ತು, ಡಾಕ್ಟರು ಹೇಳಿದ್ದರು ಎಂದು ಮನೆಯವರ ಮಾತು. ಬಿಪಿ ಇದ್ದವರಿಗೆ ಯಾವ ಉಪ್ಪಾದರೇನೇ? ಅಷ್ಟು ಹೊತ್ತಿಗೆ ನಿನಗೆ ಯಾರೋ ಅರ್ಥ ಹೇಳಿದ್ದರು. ನೀನು ನಿನ್ನ ತಟ್ಟೆಯನ್ನು ಬೇರೆ ಮಾಡಿಕೊಂಡೆ. ಪಕ್ಕದಲ್ಲಿ ಕೂತು ಬಿಳಿ ಉಪ್ಪಿಗೆ ಮಾವಿನಕಾಯಿ ಅದ್ದಿ ತಿನ್ನುತ್ತಿದ್ದ ಮೊಮ್ಮಗಳಿಗೆ ಒಂದು ಮಾತು ಹೇಳಲಿಲ್ಲ. ಹಾರ ಬಾಡುತ್ತದೆ ಎಂದು ಹೆದರಿದೆಯಾ?

ಆ ಮುದುಕಿಯನ್ನು ನಾನು ಕ್ಷಮಿಸುವುದಿಲ್ಲ. ಆದರೆ ನೀನು ಇನ್ನೂ ಅವಳಾಗಿಲ್ಲ. ಅದಕ್ಕೇ ಅಮ್ಮನಿಗೆ ಬರೆಯಬಹುದಾಗಿದ್ದ ಕಾಗದವನ್ನು ನಿನಗೆ ಸುರಿದಿದ್ದೇನೆ. ಭಾನುವಾರ ಬೊಮ್ಮಯ್ಯ ಕೈಯೆತ್ತಿದಾಗ ಜೋರಾಗಿ, ಹಿಂದೆ ಕೂತ ಹೆಂಗಸರಿಗೂ ಕೇಳುವಂತೆ ಹೇಳು: ದೊಡ್ಡಪ್ಪ, ಇದು ನನಗೆ ಅರ್ಥವಾಗಲಿಲ್ಲ. ಆಮೇಲೆ ಕಂಪನಿಯವರ ಕಡೆ ತಿರುಗಿ ಕೇಳು: ಈ ನೀರು ಎಲ್ಲಿಂದ ಬರುತ್ತದೆ, ಅದರಲ್ಲಿ ಉಪ್ಪಲ್ಲದೆ ಇನ್ನೇನಿದೆ, ಅಷ್ಟು ಒಳ್ಳೆಯದಾದರೆ ನೀವೇ ಉಪ್ಪು ಮಾಡಿ ಯಾಕೆ ಮಾರುವುದಿಲ್ಲ? ಅವರು ಇಂಗ್ಲಿಷಿನಲ್ಲಿ ತಿರುಗಿಸಿದರೆ ಮತ್ತೆ ಕೇಳು. ನಕ್ಕರೆ ನಗಲಿ. ನಕ್ಕರೆಂದು ಯಾರೂ ಸಾಯುವುದಿಲ್ಲ. ನಮ್ಮವರೇ 'ಇವಳ ಡಿಗ್ರಿ ಎಂತದು' ಎಂದು ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ. ಅರ್ಥವಾಗುವವರೆಗೆ ಪೆನ್ನಿನ ಮುಚ್ಚಳ ತೆಗೆಯಲು ಬಿಡಬೇಡ.

ಆಮೇಲೆ ಮನೆಗೆ ಹೋಗಿ ಕೈಕಾಲು ತೊಳೆದು, ಏನು ಹೇಳಿದೆ ಎಂಬುದನ್ನು ಹೇಳಿದ ಹಾಗೆಯೇ ಬರೆ. ಚಂದ ಮಾಡಿ ಬರೆಯಬೇಡ. ಇದೇ ಲಕೋಟೆಯಲ್ಲಿ ಹಾಕಿ, ಉಬ್ಬರ ಇಳಿಯುವ ಹೊತ್ತಿಗೆ ತೂಬಿನ ಬಾಯಿಗೆ ಬಿಡು, ನನಗೆ ಬರುತ್ತದೆ. ರತ್ನಿಯನ್ನು ಕರೆದೊಯ್ಯುವ ದೋಣಿ ಮುಂದಿನ ಅಮಾವಾಸ್ಯೆಗೇ ಇದೆ. ಅದಕ್ಕೆ ಮುಂಚೆ ನಿನ್ನ ಉತ್ತರ ನನ್ನ ಕೈಯಲ್ಲಿರಬೇಕು. ತಿಳಿಯಿತಾ?

ನಿನ್ನ ಮೊಮ್ಮಗಳ ಮೊಮ್ಮಗಳು,
ಸೋಮಿ